ಕಳವಾದ ವಿಮಾನವನ್ನು ಹಿಡಿಯುವುದು ಹೇಗೆ?

ರಸ್ತೆಯಲ್ಲಿ ಕಳವಾದ ಮೋಟಾರು ಕಾರನ್ನು ಹಿಡಿಯಲು ಪೊಲೀಸರು ಅದಕ್ಕಿಂತ ವೇಗವಾದ ವಾಹನದಲ್ಲಿ ಬೆನ್ನಟ್ಟಿ ಅಡ್ಡಗಟ್ಟುತ್ತಾರೆ. ಸಣ್ಣ ವಿಮಾನವೊಂದನ್ನು ಯಾರಾದರೂ ಕದ್ದು ಹಾರಿಸಿದರೆ ಈ ಉಪಾಯ ಫಲಿಸುವುದೇ? ಫಲಿಸದು. ಹಾರುವ ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸಲಾಗದೆಂಬುದು ಒಂದು ಕಾರಣ. ಬೆನ್ನಟ್ಟುವ ವಿಮಾನಕ್ಕೆ ಅದರ ವೇಗವೇ ತೊಡಕಾಗುವುದೆಂಬುದು ಇನ್ನೊಂದು. ಈ ಎರಡನೆಯ ಸಂಗತಿಯನ್ನು ಒಂದು ನಿಜ ಘಟನೆಯ ಮೂಲಕ ಪರಿಶೀಲಿಸೋಣ.

೨೦೦೯ನೆಯ ಇಸವಿ ಏಪ್ರಿಲ್ ೬ರಂದು ಕೆನಡಾದ ಥಂಡರ್ ಬೇ ನಗರದ ವೈಮಾನಿಕ ಶಾಲೆಯಿಂದ ವಿದ್ಯಾರ್ಥಿಯೊಬ್ಬನು ಸೆಸ್ನಾ ೧೭೨ ಎಂಬ ನಾಲ್ಕು ಆಸನಗಳ ವಿಮಾನವನ್ನು ಕದ್ದು, ಗಡಿ ದಾಟಿ, ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಪ್ರವೇಶಿಸಿದನು. ಉಭಯ ದೇಶಗಳ ವಾಯುರಕ್ಷಣಾ ಸಂಸ್ಥೆಯಾದ ನೋರಾಡ್, ಎಫ್-೧೬ ಯುದ್ಧವಿಮಾನಗಳನ್ನು ಕಳುಹಿಸಿತು. ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿ ಮ್ಯಾಡಿಸನ್ನಿನಲ್ಲಿ ಶಾಸನಸಭಾ ಭವನವನ್ನು ತೆರವು ಮಾಡಿಸಲಾಯಿತು. ಯುದ್ಧವಿಮಾನಗಳ ಸಂಕೇತಗಳಿಗೆ ಅವನು ಓಗೊಡಲಿಲ್ಲ.

ವಿಮಾನವು ಸಮಮಟ್ಟದಲ್ಲಿ ಹಾರುವಾಗ, ರೆಕ್ಕೆಗಳ ಮೇಲೆ ಉಂಟಾಗುವ ಎತ್ತುವ ಬಲವು ಅದರ ತೂಕಕ್ಕೆ ಸಮನಾಗಿರಬೇಕು. ಈ ಬಲವು ಗಾಳಿಯ ಸಾಂದ್ರತೆ, ರೆಕ್ಕೆಗಳ ವಿಸ್ತೀರ್ಣ ಮತ್ತು ವೇಗದ ವರ್ಗ ಇವುಗಳನ್ನು ಅನುಸರಿಸಿ ಹೆಚ್ಚುತ್ತದೆ. ವೇಗ ತಗ್ಗಿದಾಗ ವಿಮಾನದ ಮೂತಿಯನ್ನು ಮೇಲೆತ್ತಿ ಕೊರತೆಯನ್ನು ತುಂಬಬಹುದು. ಆದರೆ ಮಿತಿಮೀರಿ ಎತ್ತಿದರೆ ಗಾಳಿಯ ಪ್ರವಾಹವು ರೆಕ್ಕೆಯ ಮೇಲ್ಮೈಯಿಂದ ಬೇರ್ಪಟ್ಟು ವಿಮಾನವು ಕುಸಿಯುವುದು. ಆದುದರಿಂದ ಪ್ರತಿ ವಿಮಾನಕ್ಕೂ ಒಂದು ಕನಿಷ್ಠ ವೇಗವುಂಟು. ರೆಕ್ಕೆಯ ಒಂದು ಚದರ ಮೀಟರು ಹೊರಬೇಕಾದ ಭಾರದ ವರ್ಗಮೂಲವನ್ನು ಅನುಸರಿಸಿ ಈ ವೇಗವು ಹೆಚ್ಚುತ್ತದೆ.

ಈಗ ಲೆಕ್ಕವನ್ನು ನೋಡೋಣ. ಸೆಸ್ನಾ ವಿಮಾನದ ತೂಕ ಸುಮಾರು ೧,೧೦೦ ಕಿಲೋಗ್ರಾಂ. ರೆಕ್ಕೆಗಳ ವಿಸ್ತೀರ್ಣ ೧೬ ಚದರ ಮೀಟರು. ಅಂದರೆ ಚದರ ಮೀಟರಿಗೆ ಸುಮಾರು ೭೦ ಕಿಲೋಗ್ರಾಂ ಭಾರ. ಎಫ್-೧೬ರ ತೂಕವನ್ನು ೧೨,೦೦೦ ಕಿಲೋಗ್ರಾಂ ಎಂದೂ ವಿಸ್ತೀರ್ಣವನ್ನು ೨೮ ಚದರ ಮೀಟರು ಎಂದೂ ತೆಗೆದುಕೊಂಡರೆ, ಭಾರ ಸುಮಾರು ೪೩೦ ಕಿಲೋಗ್ರಾಂ. ಎಂದರೆ ಆರು ಪಟ್ಟು. ಆರರ ವರ್ಗಮೂಲ ಸುಮಾರು ಎರಡೂವರೆ. ಸೆಸ್ನಾದ ಕನಿಷ್ಠ ವೇಗ ಗಂಟೆಗೆ ಸುಮಾರು ೯೦ ಕಿಲೋಮೀಟರು. ಆದ್ದರಿಂದ ಎಫ್-೧೬ರದು ಸ್ಥೂಲವಾಗಿ ೨೨೫. ಸೆಸ್ನಾ ಸಾಮಾನ್ಯವಾಗಿ ಹಾರುವ ವೇಗವೇ ಸುಮಾರು ೨೨೦! ಸಣ್ಣ ವಿಮಾನವು ಸಲೀಸಾಗಿ ಸಾಗುವ ವೇಗದಲ್ಲಿ ಯುದ್ಧವಿಮಾನವು ಕುಸಿಯುವ ಅಂಚಿನಲ್ಲಿರುತ್ತದೆ, ಜೊತೆಜೊತೆಯಾಗಿ ಹಾರಲಾರದು.

ಅಂತರರಾಷ್ಟ್ರೀಯ ವಾಯುಯಾನದ ನಿಯಮಗಳು ಈ ತೊಡಕಿಗೆ ಮಾರ್ಗವನ್ನು ಸೂಚಿಸಿವೆ. ವೇಗದ ವಿಮಾನವು ಕುದುರೆಪಂದ್ಯದ ಮೈದಾನದಂತೆ ನೀಳವಾದ ಸುತ್ತುಗಳನ್ನು ಹಾಕುತ್ತ, ಪ್ರತಿ ಸಲ ಹಾದುಹೋಗುವಾಗಲೂ ರೆಕ್ಕೆಗಳನ್ನು ಅತ್ತಿತ್ತ ಓಲಾಡಿಸಬೇಕು. "ನನ್ನನ್ನು ಹಿಂಬಾಲಿಸು" ಎಂಬುದು ಇದರ ಅರ್ಥ.

ಗುಂಡು ಹಾರಿಸಬಹುದಲ್ಲವೇ ಎಂದು ವಾಚಕರು ಕೇಳಬಹುದು. ಹಾರುತ್ತಿರುವ ನಾಗರಿಕ ವಿಮಾನಗಳ ಮೇಲೆ ರಾಷ್ಟ್ರಗಳು ಅಸ್ತ್ರಪ್ರಯೋಗ ಮಾಡಬಾರದೆಂಬ ತತ್ತ್ವವನ್ನು ೧೯೮೪ರಲ್ಲಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿಸಲಾಯಿತು. ಅದರ ಹಿಂದಿನ ವರ್ಷ ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನವು ಹೊಡೆದುರುಳಿಸಿ, ೨೬೯ ಮಂದಿ ಮಡಿದಿದ್ದರು.

ಥಂಡರ್ ಬೇ ವಿಮಾನದ ವಿಷಯದಲ್ಲಿ ಅಧಿಕಾರಿಗಳು ಸಂಯಮದಿಂದ ಕಾದರು. ಸುಮಾರು ಏಳು ಗಂಟೆಗಳ ಹಾರಾಟದಲ್ಲಿ ಇಂಧನವು ಮುಗಿಯುತ್ತ ಬಂದು, ಅವನು ಮಿಸೌರಿ ಸಂಸ್ಥಾನದ ಒಂದು ರಸ್ತೆಯ ಮೇಲೆ ರಾತ್ರಿ ಇಳಿದು ಸೆರೆಸಿಕ್ಕಿದನು. ಯಾರಿಗೂ ಅಪಾಯವಾಗಲಿಲ್ಲ. ಯುದ್ಧವಿಮಾನಗಳು ತನ್ನನ್ನು ಹೊಡೆದುರುಳಿಸಲೆಂಬುದೇ ಅವನ ಉದ್ದೇಶವಾಗಿತ್ತೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಕಾದುದರಿಂದ ಉಳಿದದ್ದು ನೆಲದ ಮೇಲಿನವರ ಪ್ರಾಣ ಮಾತ್ರವಲ್ಲ, ಅವನದೂ ಹೌದು.