ಮಂದ್ರಕಂಠದ ಗಾಯನ

ಹಾಡು ಎಂದೊಡನೆ ನಮ್ಮ ಕಡೆಯ ಜನ ಮೊದಲು ನೆನೆಯುವುದು ಮೇಲಕ್ಕೇರುವ ಕಂಠವನ್ನು. ‘ಎಂಥ ಏರುದನಿ!’ ಎಂದು ತಲೆದೂಗುವವರು ಬಹಳ, ‘ಎಷ್ಟು ಆಳಕ್ಕಿಳಿದ!’ ಎಂದು ಮೆಚ್ಚುವವರು ವಿರಳ. ಪಾಶ್ಚಾತ್ಯರು ‘ಬೇಸ್’ ಎಂದು ಕರೆಯುವ ಆಳವಾದ ಗಂಡುಕಂಠವನ್ನು ಕುರಿತೂ, ಆ ಕಂಠಕ್ಕೆಂದೇ ರಚಿತವಾದ ಗೀತಗಳನ್ನು ಒಬ್ಬನೇ ಗಾಯಕ ಹಾಡಿದ ಧ್ವನಿಮುದ್ರಿಕೆಗಳನ್ನು ಕುರಿತೂ ನಾನು ಕೇಳಿ ಓದಿ ತಿಳಿದುಕೊಂಡಷ್ಟನ್ನು ಈ ಲೇಖನದಲ್ಲಿ ಸಹಪಾಠಿಗಳ ಮುಂದಿಡಲು ಯತ್ನಿಸುತ್ತೇನೆ.

ಒಪೆರಾ ಎಂದರೆ ಆದಿಯಿಂದ ಅಂತ್ಯದವರೆಗೆ ಬಹುಮಟ್ಟಿಗೆ ಹಾಡಿನಿಂದಲೇ ಸಾಗುವ ನಾಟಕ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ದಂಥ ಗೀತನಾಟಕವನ್ನು ಬಲ್ಲವರಿಗೆ ಇದರ ಕಲ್ಪನೆ ಸುಲಭವಾಗಿ ಬರುತ್ತದೆ. ಕಥೆ ಒಂದು ಘಳಿಗೆ ನಿಂತು, ಪಾತ್ರವೊಂದು ತನ್ನ ಮನಸ್ಸನ್ನು ಬಿಚ್ಚಿ ಹಾಡುವ ದೀರ್ಘ ಗೀತಕ್ಕೆ ‘ಆರಿಯಾ’ ಎಂದು ಹೆಸರು. ನಮ್ಮ ಕಂಪನಿ ನಾಟಕದ ಹಾಡುಗಳಿಗೂ ಇದಕ್ಕೂ ದೂರದ ನೆಂಟಸ್ತಿಕೆಯಿದೆ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1941ರಲ್ಲಿ ನಮ್ಮ ಹರಿಹರದಲ್ಲಿ ಸ್ಥಾಪನೆಯಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹೆಸರಿನ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಅದೇ ಊರಿನವರೇ. ಲೇತು ಯಂತ್ರಕ್ಕೂ ರಂಗಗೀತೆಗೂ ಒಂದೇ ಊರು ತವರಾದುದು ಸೋಜಿಗವಲ್ಲವೇ?

ಇನ್ನು ಕಂಠದ ವಿಚಾರ. ಗಂಡಸರ ಧ್ವನಿಯನ್ನು ಪಾಶ್ಚಾತ್ಯರು ಸ್ಥೂಲವಾಗಿ ಮೂರು ಬಗೆಯಾಗಿ ಎಣಿಸುತ್ತಾರೆ: ಮೇಲಿನದು ಟೆನರ್, ನಡುವಿನದು ಬ್ಯಾರಿಟೋನ್, ಎಲ್ಲಕ್ಕಿಂತ ಕೆಳಗಿನದು ಬೇಸ್. ಬೇಸ್ ಗಾಯಕನು ಸೆಕೆಂಡಿಗೆ ಸುಮಾರು 82 ಕಂಪನಗಳಷ್ಟು ಕೆಳಗಿನ ಸ್ವರಕ್ಕೆ ಇಳಿಯಬಲ್ಲನು. ಪ್ರೇಮಿಯಾದ ತರುಣ ನಾಯಕನ ಪಾತ್ರ ಸಾಮಾನ್ಯವಾಗಿ ಟೆನರಿಗೆ ಮೀಸಲು. ಬೇಸಿಗೆ ಉಳಿಯುವವರು ಯಾರು? ರಾಜರು, ಪುರೋಹಿತರು, ತಂದೆಯರು, ಮುದುಕರು, ಸೇವಕರು, ಸೈತಾನರು. ಕೇಳುವುದಕ್ಕೆ ಇದು ಮಿಕ್ಕವರ ಪಟ್ಟಿಯಂತೆ ತೋರುತ್ತದೆ. ಆದರೆ ಬಾಳಿನ ಭಾರವನ್ನೆಲ್ಲ ಹೊತ್ತವರು ಇವರೇ ಎಂಬುದು ಆ ಗೀತಗಳನ್ನು ಕೇಳಿದಾಗ ಮನದಟ್ಟಾಗುತ್ತದೆ.

ಉದಾಹರಣೆಗೆ, 1791ರಲ್ಲಿ ಪ್ರದರ್ಶಿತವಾದ ಮೊಜಾರ್ಟನ ‘ಮಾಯಾ ಕೊಳಲು’ ಎಂಬ ಕೃತಿಯನ್ನು ನೋಡಬಹುದು. ಅದರ ಎರಡನೆಯ ಅಂಕದಲ್ಲಿ ಇರುಳಿನ ರಾಣಿ ಸೇಡಿನ ಕಿಚ್ಚಿನಿಂದ ಹೆಣ್ಣುಕಂಠದ ತುತ್ತತುದಿಗೇರಿ ಹಾಡುತ್ತಾಳೆ. ತುಸು ಹೊತ್ತಿನಲ್ಲಿಯೇ ಸರಾಸ್ಟ್ರೋ ಎಂಬ ಗುರು, ತನ್ನ ಮಂದಿರದಲ್ಲಿ ಸೇಡಿಗೆ ಎಡೆಯಿಲ್ಲವೆಂದು ಬೇಸ್ ಕಂಠದಲ್ಲಿ ಶಾಂತವಾಗಿ ಹಾಡುತ್ತಾನೆ. ರೋಷಕ್ಕೆ ತಾರಸ್ಥಾಯಿ, ಕ್ಷಮೆಗೆ ಮಂದ್ರಸ್ಥಾಯಿ! ಮಾತಿನಲ್ಲಿ ಬೋಧಿಸಿದ್ದರೆ ಉಪನ್ಯಾಸವಾಗುತ್ತಿದ್ದುದು ಸ್ವರದ ಆಳದಿಂದಲೇ ನಂಬುವಂತಾಗುತ್ತದೆ.

ವೆರ್ಡಿಯ ‘ಡಾನ್ ಕಾರ್ಲೋಸ್’ ನಾಟಕದಲ್ಲಿ (1867) ಸ್ಪೇನಿನ ದೊರೆ ಫಿಲಿಪ್ ನಸುಕಿನಲ್ಲಿ ಒಬ್ಬನೇ ಕುಳಿತು, ಕೈಹಿಡಿದವಳು ತನ್ನನ್ನು ಎಂದೂ ಪ್ರೀತಿಸಲಿಲ್ಲವೆಂದು ಕೊರಗುತ್ತಾನೆ. ಹಾಡಿಗೆ ಮುನ್ನ ಚೆಲೋ ವಾದ್ಯ ಒಂಟಿಯಾಗಿ ನರಳುತ್ತದೆ. ಅರ್ಧ ಲೋಕವನ್ನಾಳುವವನಿಗೆ ನಿದ್ರೆಯಿಲ್ಲ. ರಾಸೀನಿಯ ‘ಸೆವಿಲ್ಲಿನ ಕ್ಷೌರಿಕ’ದಲ್ಲಿ (1816) ಬಸೀಲಿಯೋ ಎಂಬ ಕುತಂತ್ರಿ, ಚಾಡಿಮಾತು ತಂಗಾಳಿಯಂತೆ ಹುಟ್ಟಿ ಹೇಗೆ ತೋಪಿನ ಸಿಡಿತವಾಗುವುದೆಂದು ವರ್ಣಿಸುತ್ತಾನೆ, ವಾದ್ಯಮೇಳವೂ ಪಿಸುಮಾತಿನಿಂದ ಮೊದಲಾಗಿ ಅಬ್ಬರಕ್ಕೇರುತ್ತದೆ. ಚೈಕಾವ್‌ಸ್ಕಿಯ ‘ಯೆವ್ಗೇನಿ ಒನೇಗಿನ್’ನಲ್ಲಿ (1879) ಹಿರಿಯ ಸೇನಾನಿ ಗ್ರೇಮಿನ್, ಪ್ರೇಮಕ್ಕೆ ವಯಸ್ಸಿನ ಭೇದವಿಲ್ಲವೆಂದು ಸಾರುತ್ತಾನೆ. ಮುಸೋರ್ಗ್‌ಸ್ಕಿಯ ‘ಬೋರಿಸ್ ಗೊಡುನೋವ್’ನಲ್ಲಿ (1874) ಬಾಲಹತ್ಯೆಯ ಪಾಪಪ್ರಜ್ಞೆ ರಾಜನನ್ನು ಕೊರೆದು ಕೊಲ್ಲುತ್ತದೆ.

ಒಬ್ಬ ಗಾಯಕ ಇಂಥ ಹತ್ತು ಗೀತಗಳನ್ನು ಹಾಡಿ ಒಂದೇ ಸಂಪುಟವಾಗಿಸಿದರೆ, ನಾವು ಒಂದು ಗಂಟಲಿನಲ್ಲಿ ಹತ್ತು ಬಾಳುಗಳನ್ನು ಕೇಳುತ್ತೇವೆ. ವೇಷವಿಲ್ಲ, ಪರದೆಯಿಲ್ಲ, ದೀಪವಿಲ್ಲ. ದೊರೆ ಯಾರು, ಸೈತಾನ ಯಾರು ಎಂಬುದು ದನಿಯೊಂದರಿಂದಲೇ ಹೊಳೆಯಬೇಕು. ಇದರಲ್ಲಿ ಅಗ್ರಗಣ್ಯನೆನಿಸಿದವನು ರಷ್ಯದ ಫ್ಯೋದರ್ ಶಲ್ಯಾಪಿನ್ (1873–1938). ಕಜಾನಿನ ಬಡವರ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಚಮ್ಮಾರನ ಬಳಿ ಕೆಲಸಕ್ಕಿದ್ದವನು ಬೋರಿಸನ ಪಾತ್ರದಿಂದ ಲೋಕವಿಖ್ಯಾತನಾದನು. ಅವನ ಕಾಲದ ಹತ್ತಂಗುಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು ಮಾತ್ರ. 1948ರಲ್ಲಿ ದೀರ್ಘಕಾಲದ ತಟ್ಟೆ ಬಂದ ಮೇಲೆ ಒಂದು ಮಗ್ಗುಲಿಗೆ 20 ನಿಮಿಷಕ್ಕೂ ಮಿಕ್ಕಿ ಹಾಡು ಹಿಡಿದು, ಇಡೀ ಸಂಪುಟವೊಂದು ಒಂದೇ ತಟ್ಟೆಯಲ್ಲಿ ಅಡಗಿತು. ಇಂದು ಅವೆಲ್ಲ ವಿದ್ಯಾರ್ಥಿಯ ಜೇಬಿನ ಮೊಬೈಲಿನಲ್ಲಿಯೇ ದೊರೆಯುತ್ತವೆ.

1928ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಶಲ್ಯಾಪಿನ್ ಅಭಿನಯಿಸಿದ ಬೋರಿಸನ ದೃಶ್ಯಗಳನ್ನು ಪ್ರದರ್ಶನ ನಡೆಯುತ್ತಿರುವಾಗಲೇ ಮುದ್ರಿಸಿಕೊಂಡರು. ಅದೇ 1928ರಲ್ಲಿ ನಮ್ಮ ದಾವಣಗೆರೆಯಲ್ಲಿ ಚಿಂದೋಡಿ ವೀರಪ್ಪನವರು ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಟ್ಟಿದರು. ಅವರ ಮಗಳು ಚಿಂದೋಡಿ ಲೀಲಾ ಅವರು 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ಕಾಲವಾದರು. ಅಲ್ಲಿಯೂ ಇಲ್ಲಿಯೂ ನಟನ ಮುಂದಿದ್ದ ಸಮಸ್ಯೆ ಒಂದೇ: ಮೈಕಿಲ್ಲದೆ ಕಟ್ಟಕಡೆಯ ಸಾಲಿನವನಿಗೂ ಹಾಡು ಮುಟ್ಟಬೇಕು. ಪರಿಹಾರ ಮಾತ್ರ ಬೇರೆ ಬೇರೆಯಾಯಿತು.

ನಮ್ಮವರು ಹಾರ್ಮೋನಿಯಮ್ಮಿನ ಶ್ರುತಿಯನ್ನೇ ಏರಿಸಿದರು. ಏರಿದ ದನಿ ತಗಡಿನ ಥಿಯೇಟರಿನ ಗದ್ದಲವನ್ನು ಸೀಳಿಕೊಂಡು ಹೋಗಿ ‘ಒನ್ಸ್ ಮೋರ್’ ಗಿಟ್ಟಿಸುತ್ತಿತ್ತು. ಅವರು ಶ್ರುತಿಯನ್ನು ಏರಿಸದೆ ದನಿಯ ಕಾಂತಿಯನ್ನು ಸಾಧಿಸಿದರು. ಇದರ ಗುಟ್ಟನ್ನು ಸ್ವೀಡನ್ನಿನ ವಿಜ್ಞಾನಿ ಯೊಹಾನ್ ಸುಂಡ್‌ಬೆರಿ 1970ರ ದಶಕದಲ್ಲಿ ವಿವರಿಸಿದ್ದಾರೆ. ವಾದ್ಯಮೇಳದ ಶಕ್ತಿ ಸೆಕೆಂಡಿಗೆ 500 ಕಂಪನಗಳ ಆಸುಪಾಸಿನಲ್ಲಿ ಹೆಚ್ಚು. ಅದರಿಂದ ಮೇಲೆ ಹೋದಂತೆ ಕುಗ್ಗುತ್ತದೆ. ಪಳಗಿದ ಗಾಯಕನ ಗಂಟಲಾದರೋ ಮೂಲಸ್ವರ ಎಷ್ಟೇ ಕೆಳಗಿರಲಿ, ಅದರೊಡನೆ ಹುಟ್ಟುವ ಉಪಸ್ವರಗಳ ಪೈಕಿ 3000 ಕಂಪನಗಳ ಸಮೀಪದವನ್ನು ಬಲಗೊಳಿಸುತ್ತದೆ. ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ, ಕಿವಿಯೂ ಚುರುಕು. ಆದುದರಿಂದ ಮಂದ್ರಕಂಠವೂ ಇಡೀ ವಾದ್ಯಮೇಳದ ಮೇಲೆ ತೇಲಿ ಬರುತ್ತದೆ.

ನಮ್ಮ ಪರಿಹಾರ ಅಂದಿಗೆ ಅನಿವಾರ್ಯವಾಗಿತ್ತು. ಅದನ್ನು ಹಳಿಯುವುದು ಸಲ್ಲದು. ಆದರೆ ಅದರಿಂದ ಒಂದು ನಷ್ಟವೂ ಆಯಿತೆಂದು ನನ್ನ ಅಭಿಪ್ರಾಯ. ಏರುಕಂಠದವನಿಗೆ ಹಾಡು, ಗಡಸುದನಿಯವನಿಗೆ ಬರಿಯ ಆರ್ಭಟದ ಮಾತು ಎಂಬ ಹಂಚಿಕೆ ನಮ್ಮ ಮನಸ್ಸಿನಲ್ಲಿ ಬೇರೂರಿತು. ಮೈಕು ಬಂದು ಎಷ್ಟೋ ಕಾಲವಾದರೂ ಆ ಅಭ್ಯಾಸ ಬಿಡಲಿಲ್ಲ. ಶಾಲಾ ದಿನಗಳಲ್ಲಿ, ಧ್ವನಿ ಒಡೆದ ವರ್ಷವೇ, ‘ನಿನ್ನ ದನಿ ಹಾಡಿಗಲ್ಲ’ ಎಂಬ ಮಾತನ್ನು ನಾನೂ ಕೇಳಿದ್ದೇನೆ. ನನ್ನಂತೆ ಅಂದಿನಿಂದ ಬಾಯಿ ಮುಚ್ಚಿದವರು ಈ ಕಾಲೇಜಿನ ಪ್ರತಿ ತರಗತಿಯಲ್ಲಿಯೂ ಇದ್ದಾರು.

ಅಂಥವರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರನ್ನು (1913–2009) ನೆನೆಯಬೇಕು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿ ಗಂಡುದನಿಯೆನ್ನುವಷ್ಟು ಇಳಿಯಿತು. ಅವರು ಅದನ್ನು ಮರೆಮಾಚಲಿಲ್ಲ, ಹಾಡುವುದನ್ನೂ ನಿಲ್ಲಿಸಲಿಲ್ಲ; ಅದೇ ದನಿಯಲ್ಲಿ ಕಿರಾಣಾ ಘರಾಣೆಯ ನಿಧಾನಗತಿಯ ಆಲಾಪವನ್ನು ಬೆಳೆಸಿ, 2002ರಲ್ಲಿ ಪದ್ಮವಿಭೂಷಣಕ್ಕೆ ಪಾತ್ರರಾದರು. ಕಂಠ ಇಳಿದುದರಿಂದ ಗಾಯನ ಇಳಿಯಲಿಲ್ಲ.

ಆದುದರಿಂದ ಸಹೃದಯರಲ್ಲಿ ನನ್ನ ಸೂಚನೆಗಳು ಎರಡು. ಸರಾಸ್ಟ್ರೋವಿನದೋ ಫಿಲಿಪ್ಪನದೋ ಒಂದು ಗೀತವನ್ನು ಮೂರು ಸಲ ಕೇಳಿರಿ: ಮೊದಲ ಸಲ ಕಥೆ ತಿಳಿದು, ಎರಡನೆಯ ಸಲ ವಾದ್ಯಗಳನ್ನು ಗಮನಿಸಿ, ಮೂರನೆಯ ಸಲ ಕಂಠವನ್ನಷ್ಟೇ ಹಿಂಬಾಲಿಸಿ. ಭಾಷೆ ತಿಳಿಯದಿದ್ದರೂ ಪಾತ್ರ ಕಣ್ಣಮುಂದೆ ನಿಲ್ಲುತ್ತದೆ. ಎರಡನೆಯದು, ಕಾಲೇಜಿನ ವಾರ್ಷಿಕೋತ್ಸವದ ಹಾಡಿಗೆ ಹುಡುಗರನ್ನು ಆರಿಸುವಾಗ ಹುಡುಗನನ್ನು ಶ್ರುತಿಗೆ ಏರಿಸುವ ಬದಲು ಶ್ರುತಿಯನ್ನು ಹುಡುಗನ ಕಂಠಕ್ಕೆ ಇಳಿಸಿ ನೋಡಿರಿ. ಹಾರ್ಮೋನಿಯಮ್ಮಿನಲ್ಲಿ ಅದಕ್ಕೆ ಬೇಕಾದುದು ನಾಲ್ಕು ಬೆರಳಿನ ದೂರ ಮಾತ್ರ.