ಯಾರನ್ನು ನಿಲ್ಲಿಸಿ ಲೆಕ್ಕ ಹಾಕುವುದು?

ಭೂಫಲಕಗಳು ಸರಿದ ದಾರಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಎಂಎಸ್ಸಿ ವಿದ್ಯಾರ್ಥಿಗಳನ್ನು ಕೂರಿಸಿದಾಗ ನಾನು ಮೊದಲು ಕೊಡುವ ಲೆಕ್ಕ ರೀಯೂನಿಯನ್‌ನದು. ಹಿಂದೂ ಮಹಾಸಾಗರದ ಆ ದ್ವೀಪದಲ್ಲಿ ಇಂದಿಗೂ ಲಾವಾ ಉಗುಳುವ ಹಾಟ್‌ಸ್ಪಾಟೇ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಕಪ್ಪು ಲಾವಾ ಹರಿಸಿತು ಎಂಬುದು ಬಹುಪಾಲು ಭೂವಿಜ್ಞಾನಿಗಳು ಒಪ್ಪುವ ಮಾತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಹುಡುಗರಿಗೆ ಇದು ದೂರದ ಸುದ್ದಿಯಲ್ಲ. ಗೋಳಗುಮ್ಮಟದ ಕಲ್ಲೂ ಅವರೂರಿನ ಎರೆಹೊಲವೂ ಆ ಲಾವಾದಿಂದಲೇ ಬಂದವು.

ತಂತ್ರಾಂಶಕ್ಕೆ ಬರವಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಗುಂಪು ಮುಂದೆ ನಿಂತು ಬೆಳೆಸಿದ ಜಿಪ್ಲೇಟ್ಸ್ ಉಚಿತ. ಪರದೆಯ ಮೇಲಿನ ಗೋಳವನ್ನು ಮೌಸಿನಿಂದ ತಿರುಗಿಸುತ್ತಲೇ ಕೆಲಸ ಮುಗಿಸಬಹುದು. ಆಜ್ಞೆಗಳನ್ನು ಟೈಪಿಸಿ ಮಾಡುವವರಿಗೆ ಜಿಎಂಟಿ ಇದೆ, ಅದೂ ಉಚಿತ. ಎರಡರ ಒಳಗೂ ದುಡಿಯುವುದು ಆಯ್ಲರನ 18ನೇ ಶತಮಾನದ ಪ್ರಮೇಯ: ಗೋಳದ ಮೇಲಿನ ಗಟ್ಟಿ ತುಂಡೊಂದು ಎಲ್ಲಿಂದ ಎಲ್ಲಿಗೆ ಸರಿದರೂ ಅದನ್ನು ಗೋಳದ ಕೇಂದ್ರ ಹಾಯುವ ಒಂದು ಅಕ್ಷದ ಸುತ್ತಲಿನ ಒಂದೇ ತಿರುವಾಗಿ ಬರೆದುಬಿಡಬಹುದು.

ಆ ತಿರುವುಗಳೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿರುತ್ತವೆ. ಒಂದೊಂದು ಸಾಲಿನಲ್ಲೂ ಚಲಿಸುವ ಫಲಕದ ಸಂಖ್ಯೆ, ಕಾಲ, ಅಕ್ಷದ ಅಕ್ಷಾಂಶ, ರೇಖಾಂಶ, ತಿರುಗಿದ ಕೋನ, ಕೊನೆಗೆ ಯಾವ ಫಲಕಕ್ಕೆ ಹೋಲಿಸಿ ಎಂಬ ಸಂಖ್ಯೆ. ಭಾರತ 501, ಆಫ್ರಿಕಾ 701. (ಕಾಲವನ್ನು ದಶಲಕ್ಷ ವರ್ಷಗಳಲ್ಲಿ ಕೊಡಬೇಕು. ನಮ್ಮ 6.6 ಕೋಟಿ ಅಲ್ಲಿ 66.) ಹುಡುಗರ ಕಣ್ಣು ಅಂಕಿಗಳ ಮೇಲಿದ್ದರೆ ನನ್ನದು ಸಾಲಿನ ತುದಿಯ ಆಶ್ಚರ್ಯಸೂಚಕ ಚಿಹ್ನೆಯ ಆಚೆಗಿರುತ್ತದೆ. ಆ ಅಂಕಿ ಯಾರ ಅಧ್ಯಯನದ್ದು, ಯಾವ ವರ್ಷದ್ದು ಎಂದು ಬರೆದಿಡುವ ಜಾಗ ಅದು. ಅಲ್ಲಿ ಏನೂ ಇಲ್ಲದ ಕಡತವನ್ನು ನಾನು ತರಗತಿಗೆ ತರುವುದಿಲ್ಲ.

ಇನ್ನೊಂದು ಕಿರಿಕಿರಿ: ಜಿಪ್ಲೇಟ್ಸ್‌ನ ಕಡತದಲ್ಲಿ ಅಕ್ಷಾಂಶ ಮೊದಲು, ಜಿಎಂಟಿಯಲ್ಲಿ ರೇಖಾಂಶ ಮೊದಲು. ಅದಲುಬದಲಾದರೆ ತಂತ್ರಾಂಶ ತಕರಾರು ತೆಗೆಯುವುದಿಲ್ಲ. ದಕ್ಷಿಣ 21, ಪೂರ್ವ 56 ಡಿಗ್ರಿಯ ರೀಯೂನಿಯನ್ ಐಸ್‌ಲ್ಯಾಂಡಿನ ದಕ್ಷಿಣಕ್ಕೆ ಉತ್ತರ ಅಟ್ಲಾಂಟಿಕ್ಕಿನಲ್ಲಿ ಹೋಗಿ ಕೂರುತ್ತದೆ, ಅಲ್ಲಿಂದ ಚೆಂದದ ಗೆರೆಯೊಂದು ಹೊರಡುತ್ತದೆ. ಹೀಗೆ ಕಣ್ಣಿಗೆ ಹೊಡೆಯುವ ತಪ್ಪು ವಾಸಿ. ಅಕ್ಷದ ಅಂಕಿಗಳೇ ಅದಲುಬದಲಾದರೆ ಗೆರೆ ಹೊರಡುವುದು ಸರಿಯಾದ ಜಾಗದಿಂದಲೇ, ಸಾಗುವ ದಿಕ್ಕು ಮಾತ್ರ ಬೇರೆ.

ಅದಕ್ಕೇ ನಾನು ಮೊದಲು ಕಾಗದದ ಮೇಲೆ ಲೆಕ್ಕ ಮಾಡಿಸುತ್ತೇನೆ. ಮೇಲಿನ ಫಲಕ ಸರಿದಂತೆ ಹಾಟ್‌ಸ್ಪಾಟ್ ದಖನ್ನಿನಿಂದ ರೀಯೂನಿಯನ್‌ವರೆಗೆ ಲಾವಾದ ಜಾಡು ಬಿಟ್ಟಿದೆ. 1987ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಈ ಜಾಡಿನ ಉದ್ದಕ್ಕೂ ಸಾಗರತಳ ಕೊರೆದು ಬಸಾಲ್ಟ್ ಎತ್ತಿತು. ಮಾಲ್ಡೀವ್ಸ್‌ನ ಪೂರ್ವ ಅಂಚಿನಲ್ಲಿ ಸಿಕ್ಕಿದ್ದರ ವಯಸ್ಸು ಸುಮಾರು 5.7 ಕೋಟಿ ವರ್ಷ, ಚಾಗೋಸ್ ಬಳಿಯದು 4.9 ಕೋಟಿ. ಮುಂಬೈ ಬಳಿಯ ಘಟ್ಟಗಳಿಂದ ಮಾಲ್ಡೀವ್ಸ್‌ನ ಬಾವಿಗೆ ಸುಮಾರು 1,500 ಕಿ.ಮೀ., ನಡುವಿನ ಕಾಲ 90 ಲಕ್ಷ ವರ್ಷ. ಭಾಗಿಸಿದರೆ ವರ್ಷಕ್ಕೆ 16–17 ಸೆಂ.ಮೀ. ಭಾರತ ಆಗ ಓಡುತ್ತಿತ್ತು, ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೆ ನಿಧಾನವಾಯಿತು. ಈಗಿನ ವೇಗ ಸುಮಾರು 5 ಸೆಂ.ಮೀ. ಇನ್ನೊಂದು ತುದಿಗೆ ಬನ್ನಿ. ಮಾರಿಷಸ್ ರೀಯೂನಿಯನ್‌ನಿಂದ 230 ಕಿ.ಮೀ. ಆಚೆ, ಅದರ ಹಳೆಯ ಲಾವಾಕ್ಕೆ 80–90 ಲಕ್ಷ ವರ್ಷ. ವರ್ಷಕ್ಕೆ ಮೂರು ಸೆಂ.ಮೀ. ಕೂಡ ಬರುವುದಿಲ್ಲ!

ಭಾರತ ಅಷ್ಟು ನಿಧಾನವಾಗಿ ಎಂದೂ ನಡೆದಿಲ್ಲವಲ್ಲ ಎಂದು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತೇನೆ. ಮಾರಿಷಸ್ ಭಾರತದ ಫಲಕದ ಮೇಲಿಲ್ಲ, ಆಫ್ರಿಕಾ ಕಡೆಯದರ ಮೇಲಿದೆ. (ಸೂಕ್ಷ್ಮವಾಗಿ ಹೇಳುವುದಾದರೆ ಸೊಮಾಲಿ ಫಲಕ, 709.) ಹೊಸ ಸಾಗರತಳ ಹುಟ್ಟುವ ಬಿರುಕು ಸುಮಾರು ಮೂರೂವರೆ–ನಾಲ್ಕು ಕೋಟಿ ವರ್ಷಗಳ ಹಿಂದೆ ಹಾಟ್‌ಸ್ಪಾಟಿನ ಮೇಲೆ ಹಾದು ಉತ್ತರಕ್ಕೆ ಸರಿಯಿತು. ಅಲ್ಲಿಯವರೆಗೆ ಭಾರತವನ್ನು ಸುಡುತ್ತಿದ್ದ ಬಿಂದು ಆಮೇಲೆ ಆಫ್ರಿಕಾದ ಕಡೆಯನ್ನು ಸುಡತೊಡಗಿತು. ಹಾಗಾಗಿ 501ನ್ನೇ ಹಿಡಿದು 66ರಿಂದ ಸೊನ್ನೆಯವರೆಗೆ ಎಳೆದ ಗೆರೆ ದಖನ್, ಮಾಲ್ಡೀವ್ಸ್, ಚಾಗೋಸ್‌ವರೆಗೆ ನಂಬಿಗಸ್ತ. ಆಮೇಲೆ ಅದು ಭಾರತದ್ದಲ್ಲದ ನೆಲದ ಮೇಲೆ ಭಾರತದ ಚಲನೆಯನ್ನು ಬರೆಯುತ್ತದೆ. ಎರಡು ಗೆರೆ ಎಳೆದು, ಹಳೆಯ ಭಾಗವನ್ನು ಒಂದರಿಂದ, ಹೊಸ ಭಾಗವನ್ನು ಇನ್ನೊಂದರಿಂದ ತೆಗೆದುಕೊಳ್ಳಬೇಕು. ತಂತ್ರಾಂಶ ಇದನ್ನು ತಾನಾಗಿ ಮಾಡಿಕೊಡುವುದಿಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಹಾಟ್‌ಸ್ಪಾಟ್ ಅಲುಗುವುದಿಲ್ಲ ಎಂಬ ನಂಬಿಕೆಯ ಮೇಲೆ. 1963ರಲ್ಲಿ ಟೂಜೊ ವಿಲ್ಸನ್ ಹವಾಯಿ ದ್ವೀಪಸಾಲನ್ನು ವಿವರಿಸಿದ್ದು, 1971ರಲ್ಲಿ ಜೇಸನ್ ಮಾರ್ಗನ್ ಅದನ್ನು ಭೂಮಿಯ ಆಳದಿಂದೇಳುವ ಬಿಸಿಕಂಬಗಳ ಸಿದ್ಧಾಂತವಾಗಿ ಬೆಳೆಸಿದ್ದು ಆ ನಂಬಿಕೆಯಲ್ಲೇ. ಕಲ್ಲುಗಳು ಪೂರ್ತಿ ಒಪ್ಪಲಿಲ್ಲ. ಲಾವಾ ಆರುವಾಗ ಅದರಲ್ಲಿ ಅಚ್ಚಾಗುವ ಕಾಂತತ್ವದ ವಾಲಿಕೆಯಿಂದ ಆಗಿನ ಅಕ್ಷಾಂಶ ತಿಳಿಯುತ್ತದೆ. ಹವಾಯಿಯ ವಾಯವ್ಯಕ್ಕಿರುವ ಎಂಪರರ್ ಸಾಲಿನ ಕಲ್ಲುಗಳು, ಆ ಹಾಟ್‌ಸ್ಪಾಟೇ ಹಿಂದೆ ಉತ್ತರಕ್ಕಿದ್ದು ದಕ್ಷಿಣಕ್ಕೆ ಸರಿದಿದೆ ಎಂದವು. ದಖನ್ನಿನ ಕಲ್ಲು ತಾನು ಹುಟ್ಟಿದ್ದು ದಕ್ಷಿಣ 30 ಡಿಗ್ರಿಯ ಆಸುಪಾಸಿನಲ್ಲಿ ಎನ್ನುತ್ತದೆ. ರೀಯೂನಿಯನ್ ಇರುವುದು 21ರಲ್ಲಿ. ಈ ವ್ಯತ್ಯಾಸಕ್ಕೆ ಕಾರಣ ಹಾಟ್‌ಸ್ಪಾಟ್ ಸರಿದದ್ದಿರಬಹುದು, ಇಡೀ ಭೂಮಿಯ ಮೈಯೇ ಅಕ್ಷಕ್ಕೆ ಹೋಲಿಸಿ ಹೊರಳಿದ್ದೂ ಇರಬಹುದು. ಅದಕ್ಕೇ ಹಾಟ್‌ಸ್ಪಾಟನ್ನು ನಿಲ್ಲಿಸಿದ ಕಡತ ಬೇರೆ, ಸರಿಯಲು ಬಿಟ್ಟ ಕಡತ ಬೇರೆ, ಕಾಂತತ್ವವನ್ನು ನೆಚ್ಚಿದ ಕಡತ ಬೇರೆ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ ಕೂರಬೇಕು. ಗೆರೆ ಇಷ್ಟವಾಗುವವರೆಗೆ ಕಡತ ಬದಲಿಸುವುದು ಲೆಕ್ಕವಲ್ಲ.

ಕರಾವಳಿಯವರು ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪಗಳ ಬಗ್ಗೆ ಕೇಳುತ್ತಾರೆ. ಅಲ್ಲಿನ ಕಂಬಗಲ್ಲುಗಳು ದಖನ್ ಲಾವಾಕ್ಕಿಂತ ಹಳೆಯವು, ಸುಮಾರು ಒಂಬತ್ತು ಕೋಟಿ ವರ್ಷದವು, ಮಡಗಾಸ್ಕರ್ ನಮ್ಮಿಂದ ಸಿಡಿದುಹೋದ ಕಾಲದವು. ಅವನ್ನು ಮರಿಯನ್ ಹಾಟ್‌ಸ್ಪಾಟಿಗೆ ಜೋಡಿಸುತ್ತಾರೆ. ಆದರೆ ಲೆಕ್ಕ ಓಡಿಸಿದರೆ ಮರಿಯನ್ ಆಗ ಕಾಣಿಸುವುದು ಮಡಗಾಸ್ಕರಿನ ದಕ್ಷಿಣ ಭಾಗದಲ್ಲಿ, ಮಲ್ಪೆಯ ಕೆಳಗಲ್ಲ. ಇದು ತಂತ್ರಾಂಶದ ದೋಷವಲ್ಲ. ಹಾಟ್‌ಸ್ಪಾಟಿನ ಬಿಸಿ ನೂರಾರು ಕಿಲೋಮೀಟರ್ ಹರಡುತ್ತದೆ, ಫಲಕ ಸೀಳಿದ ಕಡೆ ಲಾವಾ ಮೇಲೆ ಬರುತ್ತದೆ. ಪರದೆಯ ಮೇಲೆ ನಾವಿಟ್ಟ ಚುಕ್ಕೆಗೆ ಅಗಲವಿಲ್ಲ.

ಮಾಡಿ ನೋಡಬೇಕೆನಿಸಿದವರು ಜಿಪ್ಲೇಟ್ಸ್ ಇಳಿಸಿಕೊಳ್ಳಿ, ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ರೀಯೂನಿಯನ್ ಮೇಲೆ ಚುಕ್ಕೆ ಇಡಿ, 501ಕ್ಕೊಂದು, 709ಕ್ಕೊಂದು ಗೆರೆ ಎಳೆಯಿರಿ, ಕೊರೆದ ಬಾವಿಗಳ ವಯಸ್ಸನ್ನು ಪಕ್ಕದಲ್ಲಿ ಬರೆಯಿರಿ. ಚಿತ್ರದ ಅಡಿಯಲ್ಲಿ ಯಾವ ಕಡತ, ಯಾವ ವರ್ಷದ್ದು, ಯಾರನ್ನು ನಿಲ್ಲಿಸಿ ಎಳೆದದ್ದು ಎಂದು ಒಂದು ಸಾಲು ಸೇರಿಸಿ. ಆ ಸಾಲು ಇಲ್ಲದ ಚಿತ್ರಕ್ಕೆ ನನ್ನ ತರಗತಿಯಲ್ಲಿ ಅಂಕವಿಲ್ಲ.