ಕೆಲಸದ ಒತ್ತಡ ಮತ್ತು ಮೈಕೈ ನೋವು

ಕುತ್ತಿಗೆ ನೋವು, ಭುಜದ ಬಿಗಿತ, ಮಣಿಕಟ್ಟಿನ ಸೆಳೆತ - ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ನಮ್ಮಲ್ಲಿ ಅನೇಕರಿಗೆ ಇವು ಹೊಸತಲ್ಲ. ನೋವು ಬಂದೊಡನೆ ನಾವು ಕುರ್ಚಿ ಬದಲಿಸುತ್ತೇವೆ, ಹೊಸ ಕೀಬೋರ್ಡ್ ತರುತ್ತೇವೆ. ಅದು ಬೇಕಾದದ್ದೇ. ಆದರೆ ಕೆಲಸದ ಒತ್ತಡವೂ ನೋವಿಗೆ ಕಾರಣವಾಗಬಲ್ಲದು. ನಾವು ವೈದ್ಯರಲ್ಲ, ಇಂಜಿನಿಯರುಗಳು. ಆದರೂ ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಆಸ್ಟ್ರೇಲಿಯಾದ ಅನುಭವ

1980ರ ದಶಕದಲ್ಲಿ ಈ ದೇಶದ ಕಛೇರಿಗಳಲ್ಲಿ ಆರ್.ಎಸ್.ಐ. ಎಂಬ ಹೆಸರಿನ ಕೈನೋವು ವ್ಯಾಪಕವಾಗಿ ಕಾಣಿಸಿಕೊಂಡಿತು. ಟೆಲಿಕಾಂ ಆಸ್ಟ್ರೇಲಿಯಾ ಸಂಸ್ಥೆಯೊಂದರಲ್ಲೇ 1981ರಿಂದ 1985ರವರೆಗೆ ಸುಮಾರು 4,000 ಮಂದಿ ನೋವೆಂದು ವರದಿ ಮಾಡಿದರು. ಡಾ. ಬ್ರೂಸ್ ಹಾಕಿಂಗ್ ಅವರು 1987ರಲ್ಲಿ ಪ್ರಕಟಿಸಿದ ಲೆಕ್ಕ ಎಲ್ಲರನ್ನೂ ಯೋಚಿಸುವಂತೆ ಮಾಡಿತು. ದಿನವಿಡೀ ಅತಿ ವೇಗವಾಗಿ ಟೈಪ್ ಮಾಡುತ್ತಿದ್ದ ಟೆಲಿಗ್ರಾಫ್ ನೌಕರರಲ್ಲಿ ಸಾವಿರಕ್ಕೆ 34 ಮಂದಿಗೆ ನೋವು; ಅಷ್ಟು ಕೀಲಿ ಒತ್ತದ ಟೆಲಿಫೋನ್ ಆಪರೇಟರುಗಳಲ್ಲಿ ಸಾವಿರಕ್ಕೆ 343! ಬೆರಳಿನ ಶ್ರಮವೊಂದೇ ಕಾರಣವಾಗಿದ್ದರೆ ಲೆಕ್ಕ ತಿರುಗುಮುರುಗಾಗಿರಬೇಕಿತ್ತು.

ಆಗ ವೈದ್ಯರಲ್ಲೇ ವಾದವಿವಾದಗಳಾದವು. ನೋವೆಂದವರನ್ನು ಸೋಗು ಹಾಕುವವರೆಂದು ಹಳಿದದ್ದೂ ಉಂಟು. ಕೆಲಸದ ಹೊರೆ ಹೆಚ್ಚಿದ್ದು, ಸ್ವಂತ ನಿರ್ಧಾರಕ್ಕೆ ಅವಕಾಶವಾಗಲಿ ಮೇಲಿನವರ ಬೆಂಬಲವಾಗಲಿ ಇಲ್ಲದ ಕಡೆ ಕುತ್ತಿಗೆ, ಭುಜ, ಬೆನ್ನುನೋವು ಹೆಚ್ಚು ಎಂಬುದನ್ನು ನಂತರದ ಅನೇಕ ಅಧ್ಯಯನಗಳು ತೋರಿಸಿವೆ.

ನೋವು ಬರುವುದು ಹೇಗೆ?

ಮನಸ್ಸು ಆತಂಕದಲ್ಲಿದ್ದಾಗ ನಮಗರಿವಿಲ್ಲದೆಯೇ ಭುಜ ಮೇಲಕ್ಕೇರುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೇವೆ. ಗಂಟೆಗಟ್ಟಲೆ ಬಿಗಿದ ಸ್ನಾಯುವಿಗೆ ವಿಶ್ರಾಂತಿಯಿಲ್ಲ. ಕುತ್ತಿಗೆ ಮತ್ತು ದವಡೆಯ ಕೀಲುಗಳೂ ನೋಯುತ್ತವೆ. ಒತ್ತಡದಿಂದ ನಿದ್ರೆ ಕೆಡುತ್ತದೆ; ನಿದ್ರೆ ಕೆಟ್ಟರೆ ಸಣ್ಣ ನೋವೂ ದೊಡ್ಡದಾಗುತ್ತದೆ. ಹಾಗೆಂದು ನೋವು ಬರೀ ಮನಸ್ಸಿನ ಭ್ರಮೆಯಲ್ಲ, ಅದು ನಿಜವಾದ ನೋವೇ.

ನಮ್ಮ ದಿನಚರಿಯನ್ನೇ ನೋಡಿ. ಬೇಸಿಗೆಯಲ್ಲಿ ಬೆಂಗಳೂರಿನ ಸಂಜೆ ಆರು ಗಂಟೆಯ ಮೀಟಿಂಗ್ ಎಂದರೆ ಇಲ್ಲಿ ರಾತ್ರಿ ಹನ್ನೊಂದೂವರೆ! ವೀಸಾ, ಮನೆಸಾಲ ನೆನೆದು ಬೇಡವೆನ್ನಲಾಗದೆ ಒಪ್ಪಿಕೊಳ್ಳುವವರು, ನೋವನ್ನು ಮನೆಯವರಿಂದಲೂ ಮುಚ್ಚಿಡುವವರು ನಮ್ಮ ನಡುವೆ ಇದ್ದಾರೆ.

ಏನು ಮಾಡಬಹುದು?

1. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಭುಜ ಸಡಿಲಿಸಿ, ನಿಧಾನವಾಗಿ ಉಸಿರಾಡಿ.

2. ನೋವು ಯಾವ ದಿನ ಹೆಚ್ಚಿತು, ಅಂದು ಕೆಲಸ ಹೇಗಿತ್ತು ಎಂದು ಬರೆದಿಡಿ.

3. ಕೈ ಜೋಮು ಹಿಡಿದರೆ, ಶಕ್ತಿ ಕುಂದಿದರೆ, ಕೀಲು ಊದಿಕೊಂಡರೆ ತಡಮಾಡದೆ ಜಿ.ಪಿ.ಯನ್ನು ಕಾಣಿ. ಆರು ತಿಂಗಳಿಗೂ ಮೀರಿದ ತೊಂದರೆಯಾದರೆ, ಅವರು ಯೋಜನೆ ಬರೆದುಕೊಟ್ಟಲ್ಲಿ ವರ್ಷಕ್ಕೆ ಐದು ಬಾರಿಯವರೆಗೆ ಫಿಸಿಯೋಥೆರಪಿಯಂಥ ಚಿಕಿತ್ಸೆಗೆ ಮೆಡಿಕೇರ್ ನೆರವುಂಟು.

4. ಹೊರೆ ಹೆಚ್ಚಾದರೆ ಮ್ಯಾನೇಜರರಿಗೆ ಬರವಣಿಗೆಯಲ್ಲಿ ತಿಳಿಸಿ. ಕೆಲಸದಿಂದಾಗುವ ಮಾನಸಿಕ ಅಪಾಯಗಳನ್ನು ತಡೆಯುವುದು ಮಾಲೀಕರ ಹೊಣೆಯೆಂದು ನ್ಯೂ ಸೌತ್ ವೇಲ್ಸ್‌ನಲ್ಲಿ 2022ರ ಅಕ್ಟೋಬರ್‌ನಿಂದ, ವಿಕ್ಟೋರಿಯಾದಲ್ಲಿ 2025ರ ಡಿಸೆಂಬರ್‌ನಿಂದ ಪ್ರತ್ಯೇಕ ನಿಯಮಗಳೇ ಇವೆ. ಕೆಲಸದ ವೇಳೆಯ ಹೊರಗೆ ಬರುವ ಕರೆಗಳಿಗೆ, ನಿರಾಕರಣೆ ಸಕಾರಣವಾಗಿದ್ದರೆ, ಉತ್ತರಿಸದಿರುವ ಹಕ್ಕನ್ನೂ 2024ರ ಆಗಸ್ಟ್‌ನಿಂದ ಕಾನೂನು ಕೊಟ್ಟಿದೆ. ಸಣ್ಣ ಸಂಸ್ಥೆಗಳ ನೌಕರರಿಗೆ ಇದು 2025ರ ಆಗಸ್ಟ್‌ನಿಂದ ಅನ್ವಯ.

ದುಡಿಮೆಗಾಗಿಯೇ ಇಷ್ಟು ದೂರ ಬಂದವರು ನಾವು. ದುಡಿಯುವ ಮೈಯನ್ನು ಕಾಪಾಡಿಕೊಳ್ಳುವುದೂ ನಮ್ಮ ಕರ್ತವ್ಯವೇ. ಮನೆಯಲ್ಲಿ ಯಾರಾದರೂ ಭುಜ ನೀವಿಕೊಳ್ಳುತ್ತಿದ್ದರೆ, ಮುಲಾಮು ಕೊಡುವುದರ ಜೊತೆಗೆ, ಆಫೀಸಿನಲ್ಲಿ ಹೇಗಿದೆ ಎಂದೂ ಕೇಳೋಣ.